ಸಾಲಿನಲ್ಲಿ ಮಲಗಿದ್ದ ಕಲ್ಲು

ಮೊದಲ ಸಲ ಆ ಸಾಲನ್ನು ನೋಡಿದಾಗ, ಯಾರೋ ದೊಡ್ಡ ಮದುವೆಯ ಅಡುಗೆ ಮುಗಿಸಿ ಪಾತ್ರೆಗಳನ್ನಷ್ಟೇ ಎತ್ತಿಕೊಂಡು ಹೋಗಿದ್ದಾರೆ ಅನಿಸಿತು. ಮೊಣಕಾಲೆತ್ತರದ ಮೂರು ಕಲ್ಲುಗಳು ತಲೆಗೆ ತಲೆ ತಾಗಿಸಿ ನಿಂತಿವೆ. ಅಂಥ ಮೂರು ಕಲ್ಲಿನ ಗುಂಪುಗಳು ಒಣ ಹಳ್ಳದ ದಂಡೆಯುದ್ದಕ್ಕೂ ಒಂದರ ಹಿಂದೆ ಒಂದು. ಪಕ್ಕದಲ್ಲಿ ಸುಟ್ಟ ಕಲ್ಲುಗಳ ದುಂಡನೆಯ ರಾಶಿಗಳು. ದೂರದಲ್ಲಿ ಒಮಾನಿನ ದುಕ್ಮ್ ಬಂದರಿನ ಕ್ರೇನುಗಳು ಕಾಣುತ್ತವೆ, ಇತ್ತ ಕಡೆ ಮನುಷ್ಯರ ಸುಳಿವಿಲ್ಲ.

"ಒಲೆ," ಎಂದೆ.

"ಎಲ್ಲರೂ ಮೊದಲು ಹಾಗೇ ಹೇಳ್ತಾರೆ," ಎಂದು ನಕ್ಕರು ನಮ್ಮ ತಂಡದ ಪುರಾತತ್ವ ತಜ್ಞೆ. "ಇದರ ಮೇಲೆ ಯಾರೂ ಏನೂ ಬೇಯಿಸಿಲ್ಲ. ಕೆಳಗೆ ಯಾರನ್ನೂ ಹೂಳಲೂ ಇಲ್ಲ. ಎರಡು ಸಾವಿರ ವರ್ಷದ ಹಿಂದೆ ಯಾಕೆ ನಿಲ್ಲಿಸಿದರೋ, ನಮಗೂ ಗೊತ್ತಿಲ್ಲ."

ಗೊತ್ತಿಲ್ಲ ಎಂಬುದನ್ನು ಅಷ್ಟು ಖುಷಿಯಿಂದ ಹೇಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಕೆ ನಿಜ್ವಾದ ಕಡೆಯ ಒಮಾನಿ, ನನಗಿಂತ ಎಷ್ಟೋ ಚಿಕ್ಕವರು, ಕಲ್ಲುಗಳ ಬಗ್ಗೆ ಓದಿ ಡಾಕ್ಟರೇಟ್ ತೆಗೆದವರು, ಹಾಗಾಗಿ ನಮಗೆಲ್ಲ ಡಾಕ್ಟರು. ನಾನು ಸರ್ವೇಯರ್. ಅಳೆಯುವುದು ನನ್ನ ಕೆಲಸ. ಏನನ್ನು ಅಳೆಯುತ್ತಿದ್ದೇನೆಂದು ಗೊತ್ತಿಲ್ಲದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ನಮ್ಮ ಮುಂದಿದ್ದ ಪ್ರಶ್ನೆ ಸರಳವಾಗಿತ್ತು. ಬಂದರಿನಿಂದ ಒಳನಾಡಿನ ಕಲ್ಲುಕೋರೆಗೆ ಹೊಸ ರಸ್ತೆ ಬರಲಿತ್ತು. ನಕ್ಷೆಯಲ್ಲಿ ಅದು ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನೇರವಾಗಿ ಈ ಸಾಲಿನ ಮೇಲೆಯೇ ಹಾದುಹೋಗುತ್ತಿತ್ತು. ಸಾಲು ಇದ್ದ ಹಾಗೇ ಇದೆ, ಈಚಿನ ಕಾಲದಲ್ಲಿ ಯಾರೂ ಕೈ ಹಾಕಿಲ್ಲ ಎಂದು ನಾವು ತೋರಿಸಿದರೆ ಬೇಲಿ ಬರುತ್ತದೆ, ರಸ್ತೆ ಬಳಸಿ ಹೋಗುತ್ತದೆ. ಕೈ ಹಾಕಿದ ಗುರುತು ಸಿಕ್ಕಿದರೆ, ಫೋಟೋ ತೆಗೆದು ಕಲ್ಲುಗಳನ್ನು ಲಾರಿಗೆ ತುಂಬಿಸಿ ಎಲ್ಲೋ ಒಂದು ಗೋದಾಮಿಗೆ ಸಾಗಿಸುತ್ತಾರೆ, ರಸ್ತೆ ನೇರವಾಗಿಯೇ ಹೋಗುತ್ತದೆ. ಅಷ್ಟೇ.

ತಂಡದಲ್ಲಿ ಇನ್ನಿಬ್ಬರು ಇದ್ದರು. ಒಬ್ಬರು ಉಳ್ಳಾಲದ ಬ್ಯಾರಿ, ಗಾಡಿ ಓಡಿಸುವವರು, ಎಲ್ಲರಿಗೂ ಕಾಕ. ಇನ್ನೊಬ್ಬರು ಕಾರ್ಕಳದ ಹತ್ತಿರದವರು, ಪ್ರಿಸಮ್ ಕೋಲು ಹಿಡಿಯುವವರು. ನಾನು ದೂರದಲ್ಲಿ ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರದ ಕಣ್ಣಿಗೆ ಕಣ್ಣಿಟ್ಟು ನಿಂತರೆ, ನಾನು ಹೇಳಿದ ಬಿಂದುವಿನ ಮೇಲೆ ಕೋಲನ್ನು ಅಲುಗಾಡದಂತೆ ನಿಲ್ಲಿಸುವುದು ಅವರ ಕೆಲಸ. ಹಾಗಾಗಿ ನಾನು ಅವರನ್ನು ಕೋಲಣ್ಣ ಎನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಹಿರಿಯರಾದರೂ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ನಾವು ಮೂವರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಡಾಕ್ಟರ ಜತೆ ನಾನು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೋಲಣ್ಣ ಮೊದಲ ದಿನವೇ ಕಲ್ಲುಗಳ ಹತ್ತಿರ ಹೋಗುವ ಮುಂಚೆ ಸೇಫ್ಟಿ ಶೂ ಬಿಚ್ಚಿಟ್ಟರು. ನಾನು ಬೈಯುವುದಕ್ಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಡಾಕ್ಟರು ತಡೆದರು. "ನೋಡಿ, ಎಷ್ಟು ಚೆನ್ನಾಗಿ ನಡೀತಾರೆ! ನೆಲಕ್ಕೆ ಒಂದಿಷ್ಟೂ ಪೆಟ್ಟಾಗೋದಿಲ್ಲ. ಎಲ್ಲರೂ ಅವರ ಹಾಗೆ ಜಾಗ್ರತೆ ಮಾಡಬೇಕು." ಅದು ಜಾಗ್ರತೆಯಲ್ಲ, ಭಕ್ತಿ ಎಂದು ನನಗೆ ಗೊತ್ತಿತ್ತು. ಆದರೂ ಹೊಗಳಿಕೆ ನಮ್ಮೂರಿನವರಿಗೇ ಸಿಗುತ್ತಿರುವಾಗ ತಿದ್ದಿಕೊಂಡು ಕೂರುವುದು ಯಾಕೆಂದು ಸುಮ್ಮನಾದೆ. ಅಂದಿನಿಂದ ಅವರ ಮೇಲೆ ಯಾರೂ ಕಣ್ಣಿಡಲಿಲ್ಲ.

ಕೆಲಸ ಸುಸೂತ್ರವಾಗೇನೂ ಶುರುವಾಗಲಿಲ್ಲ. ಸಾಲಿನ ಸುತ್ತ ಗಟ್ಟಿ ನೆಲ ಹುಡುಕಿ ಕಬ್ಬಿಣದ ಗೂಟಗಳನ್ನು ಹೊಡೆದು ಕಂಟ್ರೋಲ್ ಪಾಯಿಂಟ್ ಮಾಡಿಕೊಂಡೆ. ಉಳಿದ ಅಳತೆಗಳೆಲ್ಲ ನಿಲ್ಲುವುದು ಅವುಗಳ ಮೇಲೆ. ಮರುದಿನ ಬಂದು ನೋಡಿದರೆ ಒಂದು ಗೂಟದ ಮೇಲೆ ಒಂಟೆಯೊಂದು ಆರಾಮವಾಗಿ ಕೂತಿತ್ತು. ಕಾಕ ಹಾರ್ನ್ ಹೊಡೆದರು, ಕೋಲಣ್ಣ ಕೋಲು ಬೀಸಿದರು, ನಾನು ನನಗೆ ಬರುವ ಅಷ್ಟೂ ಅರಬ್ಬಿಯಲ್ಲಿ ಬೇಡಿಕೊಂಡೆ. ಅದು ಮೆಲುಕು ಹಾಕುತ್ತ ನಮ್ಮನ್ನು ನೋಡುತ್ತಲೇ ಇತ್ತು. ಕೊನೆಗೆ ಡಾಕ್ಟರು ಬಂದು ಗಂಟಲಲ್ಲಿ ಎಂಥದೋ ಒಂದು ಶಬ್ದ ಮಾಡಿದ್ದೇ, ಎದ್ದು ಹೋಯಿತು. ಆ ಗೂಟವನ್ನು ಮತ್ತೆ ಅಳೆಯುವುದರಲ್ಲಿ ಅರ್ಧ ದಿನ ಹೋಯಿತು.

ಆಮೇಲೆ ಗಾಳಿ. ಬಿಸಿಲೇರಿದ ಮೇಲೆ ಗಾಳಿಯಲ್ಲಿ ಡ್ರೋನ್ ನಿಲ್ಲುವುದಿಲ್ಲ, ಹಾಗಾಗಿ ಬೆಳಕು ಹರಿಯುತ್ತಲೇ ಹಾರಿಸಿದೆ. ತಗ್ಗಿನಲ್ಲಿ ಹಾರುತ್ತ, ಒಂದು ಫೋಟೋದ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಇಡೀ ಸಾಲನ್ನು ತೆಗೆದು, ಲ್ಯಾಪ್‌ಟಾಪಿನಲ್ಲಿ ಹೆಣೆದು ಮಾದರಿ ಕಟ್ಟಿದೆ. ಬೇಕಾದ ಕಡೆ ತಿರುಗಿಸಿ ನೋಡಬಹುದಾದ ಕಲ್ಲುಗಳು, ನೆರಳು ಸಮೇತ. ಡಾಕ್ಟರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಇನ್ನೊಂದು ಆಸೆ ಇದೆ ಎಂದರು. ಸಂಜೆಯ ಓರೆ ಬಿಸಿಲಿನಲ್ಲಿ ಇನ್ನೊಮ್ಮೆ ಹಾರಿಸಿದರೆ, ಮರಳಿನಲ್ಲಿ ಅಳಿಸಿಹೋದ ಬೆಂಕಿಗುಂಡಿಗಳೂ ಕಾಣಬಹುದು. ಗಾಳಿ ಇಳಿದ ಒಂದು ಸಂಜೆ ನೋಡೋಣ ಎಂದೆ.

ಬಿಡುವಾದಾಗಲೆಲ್ಲ ಕೋಲಣ್ಣನದು ಒಂದೇ ಪ್ರಶ್ನೆ. "ಇದು ಉಳೀತದಾ ಅಕ್ಕ?"

"ನಾವು ಸರಿಯಾಗಿ ಅಳೆದ್ರೆ ಉಳೀತದೆ. ನೀವು ಕೋಲು ನೆಟ್ಟಗೆ ಹಿಡೀರಿ."

"ನಾನು ಹಿಡೀತೇನೆ. ಉಳೀಬೇಕು ಮಾರಾಯ್ತಿ. ಇಂಥದ್ದರ ಮೇಲೆ ಲಾರಿ ಓಡಿಸ್ಲಿಕ್ಕುಂಟಾ?"

ಒಂದು ಗುಂಪಿನಲ್ಲಿ ಎರಡೇ ಕಲ್ಲುಗಳು ನಿಂತಿದ್ದವು, ಮೂರನೆಯದು ಪಕ್ಕದಲ್ಲಿ ಬಿದ್ದಿತ್ತು. ಪ್ರತಿ ಕಲ್ಲಿನ ಮೇಲೂ ಗುರುತಿಸಬಹುದಾದ ಮೂರು ಬಿಂದುಗಳನ್ನು ಆರಿಸಿ ಅಳೆಯುತ್ತಿದ್ದೆವು. ಬಿದ್ದ ಕಲ್ಲಿನ ಸರದಿ ಬಂದಾಗ ಕೋಲಣ್ಣ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ತುಂಬ ಹೊತ್ತು ನೋಡಿದರು. ಬಿಸಿಲಿಗೆ ಸುಸ್ತಾಗಿರಬೇಕೆಂದು ನೀರು ಕುಡಿಯಲು ಹೇಳಿದೆ.

ಗುರುವಾರ ಡಾಕ್ಟರು ನಿಜ್ವಾಕ್ಕೆ ಹೋದರು. ಶುಕ್ರವಾರ, ಶನಿವಾರ ನಮ್ಮ ರಜೆ. ಕಾಕನ ಗಾಡಿಯಲ್ಲಿ ದುಕ್ಮ್‌ನ ಬಂಡೆಗಳ ತೋಟ ನೋಡಲು ಹೋದೆವು. ತೋಟವೆಂದರೆ ಗಿಡಮರಗಳಿಲ್ಲ. ಗಾಳಿ, ನೀರು ಕೊರೆದ ಬಂಡೆಗಳು ಮೈದಾನದ ತುಂಬ ಎದ್ದಿವೆ. ಕಾಕನಿಗೆ ಅದರಲ್ಲೊಂದು ತಮ್ಮ ಮಾವನ ಹಾಗೆ ಕಂಡಿತು. ಫೋಟೋ ತೆಗೆದು ಮನೆಗೆ ಕಳಿಸಿ, ಬೈಗುಳವನ್ನೂ ಕೂಡಲೇ ಪಡೆದುಕೊಂಡರು. ಅಲ್ಲಿಂದ ಸಮುದ್ರಕ್ಕೆ ಹೋಗಿ, ಮೀನುಗಾರರಿಂದ ಅಂಜಲ್ ಮೀನು ತೆಗೆದು, ಬಂಡೆಯ ನೆರಳಿನಲ್ಲಿ ಹುರಿದು ತಿಂದೆವು. ಮಸಾಲೆ ನನ್ನದು, ಬೆಂಕಿ ಕೋಲಣ್ಣನದು. ಆಳವಿಲ್ಲದ ನೀರಿನಲ್ಲಿ ರಾಜಹಂಸಗಳು ಒಂಟಿ ಕಾಲಲ್ಲಿ ನಿಂತಿದ್ದವು. ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು, ಅಳತೆಗಳು ತಾಳೆಯಾಗುತ್ತಿದ್ದವು, ಮೀನು ತಾಜಾ ಇತ್ತು. ನಾನು ತುಂಬ ಸುಖವಾಗಿದ್ದೆ. ಕೋಲಣ್ಣ ನನಗಿಂತಲೂ ಸುಖವಾಗಿದ್ದಂತೆ ಕಂಡಿತು. ಏನೋ ಒಳ್ಳೆಯ ಕೆಲಸ ಮಾಡಿ ಬಂದವರ ಹಾಗೆ ಹಾಡು ಗುನುಗುತ್ತಿದ್ದರು.

ಭಾನುವಾರ ಹಗಲೆಲ್ಲ ಗೆಸ್ಟ್ ಹೌಸಿನಲ್ಲೇ ಕೂತು ಲೆಕ್ಕ ಮಾಡಿದೆ, ಸಂಜೆ ಗಾಳಿ ಇಳಿಯಿತು, ಡ್ರೋನ್ ಹಾರಿಸಿದೆ. ಪರದೆಯಿಂದ ಕಣ್ಣು ತೆಗೆಯದೆ ಹಾರಿಸಿ, ಕತ್ತಲಾಗುವ ಮೊದಲು ಗಾಡಿ ಹತ್ತಿದೆ. ಗೆಸ್ಟ್ ಹೌಸಿಗೆ ಬಂದು ಎರಡನೇ ಮಾದರಿಯನ್ನು ಮೊದಲನೆಯದರ ಮೇಲಿಟ್ಟು ತಾಳೆ ನೋಡಿದೆ. ಬದಲಾಗದ ಜಾಗವೆಲ್ಲ ಹಸಿರು, ಬದಲಾದದ್ದು ಕೆಂಪು ಬರುವ ಲೆಕ್ಕ. ಸಾಲು ಪೂರ್ತಿ ಹಸಿರು. ಒಂದೇ ಕಡೆ ರಕ್ತದ ಹಾಗೆ ಕೆಂಪು.

ನನ್ನ ಸ್ವಭಾವ ನನಗೆ ಗೊತ್ತು. ತಪ್ಪು ಕಂಡರೆ ಮೊದಲು ಯಂತ್ರವನ್ನು ಬೈಯುತ್ತೇನೆ, ಆಮೇಲೆ ನನ್ನನ್ನು. ಸೋಮವಾರ ಬೆಳಗಿನಿಂದ ಗೂಟಗಳನ್ನೆಲ್ಲ ಮತ್ತೆ ಅಳೆದೆ. ಒಂಟೆ ಕೂತ ಗೂಟವನ್ನಂತೂ ಎರಡು ಸಲ. ಎಲ್ಲವೂ ಸರಿಯಿತ್ತು. ಅದು ನನ್ನನ್ನು ಇನ್ನೂ ಸಿಟ್ಟಿಗೆಬ್ಬಿಸಿತು. ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನಡೆದುಕೊಂಡು ಹೋಗಿ ಕಣ್ಣಾರೆ ನೋಡಿದೆ.

ಬಿದ್ದಿದ್ದ ಕಲ್ಲು ಎದ್ದು ನಿಂತಿತ್ತು. ಉಳಿದೆರಡರ ತಲೆಗೆ ತಲೆ ತಾಗಿಸಿ, ಗಟ್ಟಿಯಾಗಿ. ತೊಳೆದಿದ್ದರಿಂದ ಅದೊಂದೇ ಕಲ್ಲು ಫಳಫಳ ಎನ್ನುತ್ತಿತ್ತು. ಬುಡದಲ್ಲಿ ಸಣ್ಣ ಸಣ್ಣ ಕಲ್ಲುಗಳ ಒತ್ತು ಬೇರೆ. ಹಿಂದೆ ತಿರುಗಿದರೆ ಕೋಲಣ್ಣ ಬರಿಗಾಲಲ್ಲಿ ನಿಂತು ನಗುತ್ತಿದ್ದರು.

"ಕಂಡಿತಾ ಅಕ್ಕ? ಗುರುವಾರ ನೀವು ಸಾಮಾನು ಕಟ್ಟುವಾಗ ನಿಲ್ಲಿಸಿದ್ದು."

"ನೀವಾ?"

"ಮತ್ತೆ? ಬಿದ್ದಿತ್ತಲ್ಲ. ಕಂಡೂ ಕಂಡೂ ಹಾಗೇ ಬಿಟ್ಟು ಬರ್ಲಿಕ್ಕಾಗ್ತದಾ?"

ನಮ್ಮ ಕಡೆ ಗದ್ದೆಯ ಮೂಲೆಯಲ್ಲಿ, ಮರದ ಬುಡದಲ್ಲಿ ದೈವದ ಕಲ್ಲು ಇರುತ್ತದೆ. ಕೋಲಣ್ಣನ ಮನೆಯಲ್ಲಿ ಅದು ವಾಲಿದ್ದು ಕಂಡರೆ, ಮೊದಲು ಕಂಡವರು ನೆಟ್ಟಗೆ ಮಾಡಿ, ನೀರು ಹೊಯ್ದು, ಕೈಮುಗಿದು ಮುಂದೆ ಹೋಗಬೇಕು. ಅದಕ್ಕೆ ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಕೋಲಣ್ಣ ಮಾಡಿದ್ದು ಅದನ್ನೇ. ತಮ್ಮ ಬಾಟಲಿಯ ಕುಡಿಯುವ ನೀರಿನಲ್ಲಿ ಕಲ್ಲನ್ನು ತೊಳೆದಿದ್ದರು.

"ಕೋಲಣ್ಣ, ಯಾರೂ ಕೈ ಹಾಕಿಲ್ಲ ಅಂತ ತೋರಿಸ್ಲಿಕ್ಕೆ ನಾವು ಬಂದದ್ದು. ಈಗ ಕೈ ಹಾಕಿದವರು ನಾವೇ! ನಾಳೆ ಬೆಳಿಗ್ಗೆ ರಸ್ತೆಯ ಇಂಜಿನಿಯರ್ ನೋಡ್ಲಿಕ್ಕೆ ಬರ್ತಾರೆ. ಅವರ ಹತ್ರ ಎಂತ ಹೇಳುದು?"

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಆ ಮುಖ ನೋಡಲಾಗಲಿಲ್ಲ. "ನನ್ನಿಂದ ಇದು ಹೋಗ್ತದಾ?" ಎಂದು ಕೇಳಿದರು. ಬೈಯಲು ಇನ್ನೂ ಬೇಕಾದಷ್ಟು ಮಾತುಗಳಿದ್ದವು, ಆದರೆ ನಾನು ಬಾಯಿ ಮುಚ್ಚಿಕೊಂಡೆ.

ಕಾಕ ಗಾಡಿಯಿಂದ ಇಳಿದು ಬಂದು ವಿಷಯ ಕೇಳಿದರು. ಅವರದು ನೇರ ಮಾತು. "ಇದರಲ್ಲಿ ಎಂತ ಉಂಟು? ಕಲ್ಲು ನಿಂತ್ರೆ ಯಾರಿಗೆ ನಷ್ಟ? ಮೊದಲಿನ ಫೋಟೋ ಅಳಿಸಿ ಹಾಕಿ, ಎರಡನೆಯದು ಕೊಡಿ. ಖಲಾಸ್."

ಸುಳ್ಳು ಹೇಳುವುದಿಲ್ಲ, ಆ ಯೋಚನೆ ನನಗೆ ಇಷ್ಟವಾಯಿತು. ಮೂರೂ ಕಲ್ಲು ನಿಂತಿರುವ ಗುಂಪು ನೋಡಲು ಇನ್ನೂ ಚಂದ. ಅಥವಾ, ಡಾಕ್ಟರು ಬರುವ ಮೊದಲು ಕಲ್ಲನ್ನು ಸದ್ದಿಲ್ಲದೆ ಮಲಗಿಸಿ, ಮೇಲೆ ಒಂದು ಹಿಡಿ ದೂಳು ಚೆಲ್ಲಿದರೂ ಆಗುತ್ತಿತ್ತು. ಆದರೆ ಕೆಲಸ ಕಲಿಯುವಾಗ ನನಗೆ ಮೊದಲು ಹೇಳಿಕೊಟ್ಟದ್ದು, ನೆಲದ ಮೇಲೆ ಕಂಡ ಗುರುತನ್ನು ಕದಲಿಸಬಾರದು, ಕದಲಿದ್ದರೆ ಕದಲಿದೆ ಎಂದು ಬರೆಯಬೇಕು ಎಂದು. ಅದನ್ನು ಬಿಟ್ಟರೆ ನನ್ನ ಬಳಿ ಇರುವುದು ದುಬಾರಿ ಕ್ಯಾಮೆರಾ ಮತ್ತು ಕಬ್ಬಿಣದ ಗೂಟಗಳು ಮಾತ್ರ. ಜತೆಗೆ, ಆ ಸಾಲಿನ ಬಗ್ಗೆ ನಿಜವಾಗಿ ಏನಾದರೂ ಗೊತ್ತಿದ್ದದ್ದು ನಮ್ಮಲ್ಲಿ ಒಬ್ಬರಿಗೇ. ಅವರಿಂದ ಮುಚ್ಚಿಟ್ಟು ಅದನ್ನು ಉಳಿಸುತ್ತೇವೆ ಎನ್ನುವುದು ನನಗೆ ಸರಿ ಕಾಣಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಆಗಲೇ ನಿಜ್ವಾದಿಂದ ಹೊರಟು ದಾರಿಯಲ್ಲಿದ್ದರು. ಗಾಡಿ ನಿಲ್ಲಿಸಿದ ಸದ್ದು ಕೇಳಿಸಿತು. ಆಮೇಲೆ, "ಯಾರೂ ಏನೂ ಮುಟ್ಟಬೇಡಿ. ಅದು ಮಲಗಿದ್ದ ಜಾಗವನ್ನು ತುಳಿಯಬೇಡಿ," ಎಂದು ಇಟ್ಟುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಬಂದರು. ಕೋಲಣ್ಣ ಗಾಡಿಯ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಡಾಕ್ಟರು ಅವರನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ನೇರ ಹೋಗಿ ನೆಲಕ್ಕೆ ಮುಖ ಹಚ್ಚುವಂತೆ ಮಲಗಿ ನೋಡಿದರು. ಸುತ್ತಲಿನ ನೆಲ ಬಿಸಿಲಿಗೆ ಕಂದಿ ಕಪ್ಪಾಗಿತ್ತು. ಕಲ್ಲು ಮಲಗಿದ್ದ ಕಡೆ ಮಾತ್ರ ಅದೇ ಆಕಾರದ ಬಿಳಿಚಿದ ಗುಳಿ. ಕಲ್ಲಿನ ಒಂದು ಮೈ ಕಪ್ಪು, ನೆಲಕ್ಕೆ ಒರಗಿದ್ದ ಮೈ ಬಿಳುಪು.

"ಇದು ನಿನ್ನೆ ಮೊನ್ನೆ ಬಿದ್ದದ್ದಲ್ಲ," ಎಂದರು ಎದ್ದು ಕೂತು. "ನೆಲಕ್ಕೂ ಕಲ್ಲಿಗೂ ಇಷ್ಟು ವ್ಯತ್ಯಾಸ ಬರಬೇಕಾದರೆ ಅದು ಎಷ್ಟೋ ಕಾಲದಿಂದ ಇಲ್ಲೇ ಮಲಗಿರಬೇಕು. ಬಿದ್ದಿರೋದೂ ಇದರ ಕತೆಯಲ್ಲಿ ಸೇರಿದ್ದೇ. ನಿಮ್ಮ ಮೊದಲ ಮಾದರಿ ಎಷ್ಟು ನಿಖರ?"

ನನಗೆ ಜೀವ ಬಂದ ಹಾಗಾಯಿತು. "ಮಿಲಿಮೀಟರಿನಲ್ಲಿ ಮಾತಾಡಬಹುದು."

"ಹಾಗಾದರೆ ವಾಪಸ್ ಮಲಗಿಸೋಣ. ಒಂದೊಂದು ಹಂತಕ್ಕೂ ಫೋಟೋ. ನಿಲ್ಲಿಸಿದ್ದನ್ನೂ ಬರೆಯೋಣ, ಮಲಗಿಸಿದ್ದನ್ನೂ ಬರೆಯೋಣ."

ಬಿದ್ದಿದ್ದಾಗ ಆ ಕಲ್ಲಿನ ಮೇಲೆ ಅಳೆದಿದ್ದ ಮೂರು ಬಿಂದುಗಳನ್ನು ಯಂತ್ರಕ್ಕೆ ಹಾಕಿದೆ. ಗುಳಿಯ ಅಂಚಿಗೆ ಹತ್ತಿ ಬಟ್ಟೆಯ ಸುರುಳಿಗಳನ್ನಿಟ್ಟೆವು. ಇನ್ನು ಕಲ್ಲು ಇಳಿಸುವುದೊಂದೇ ಬಾಕಿ. ಅದು ಒಬ್ಬರೇ ಎತ್ತಬಹುದಾದ ಕಲ್ಲು, ಆದರೆ ಹಿಡಿತ ಗೊತ್ತಿರಬೇಕು, ಒಂದು ಅಂಚು ಆಗಲೇ ಬಿರುಕು ಬಿಟ್ಟಿತ್ತು. ಆ ಹಿಡಿತ ಗೊತ್ತಿದ್ದದ್ದು ಎತ್ತಿ ನಿಲ್ಲಿಸಿದವರಿಗೆ ಮಾತ್ರ.

ಕೋಲಣ್ಣ ಎರಡು ಹೆಜ್ಜೆ ಹಿಂದೆ ಸರಿದರು. "ನನ್ನಿಂದ ಆಗ್ಲಿಕ್ಕಿಲ್ಲ ಅಕ್ಕ. ನಿಂತದ್ದನ್ನು ಕೆಡಹುದು ಹೇಗೆ? ಬೇರೆ ಎಂತ ಬೇಕಾದ್ರೂ ಹೇಳಿ. ಕೆಲಸದಿಂದ ತೆಗೀರಿ."

ಕಾಕ ತಾವು ಹಿಡಿಯುತ್ತೇನೆಂದು ಮುಂದೆ ಬಂದರು. ಬಿರುಕು ನೆನೆದು ನಾನು ಬೇಡವೆಂದೆ. ಬೈದು ಮಾಡಿಸುವ ಕೆಲಸ ಇದಲ್ಲ ಎಂದು ನನಗೂ ತಿಳಿಯಿತು. ನಾನೂ ಶೂ ಬಿಚ್ಚಿ ಅವರ ಪಕ್ಕದಲ್ಲಿ ಕೂತೆ.

"ಕೋಲಣ್ಣ, ಊರಲ್ಲಿ ನಿಮ್ಮ ಜಾಗದ ಕಲ್ಲಿಗೆ ನಾನು ಬಂದು ಕೈ ಹಾಕಿದ್ರೆ ಬಿಡ್ತೀರಾ?"

"ನೀವ್ಯಾಕೆ ಹಾಕುದು? ಅದಕ್ಕೆ ಜಾಗದವರು ಇದ್ದೇವಲ್ಲ."

"ಇಲ್ಲಿ ಜಾಗದವರು ಯಾರು?"

ಅವರು ತಿರುಗಿ ಡಾಕ್ಟರನ್ನು ನೋಡಿದರು. ಎದ್ದು ಅವರ ಮುಂದೆ ಹೋಗಿ ನಿಂತರು. ತಮಗೆ ಬರುವ ಹಿಂದಿಯಲ್ಲಿ, ನೀವು ಇಲ್ಲಿಯವರು, ನೀವೇ ಬಾಯಿಬಿಟ್ಟು ಹೇಳಿ, ಆಗ ಮಾಡುತ್ತೇನೆ ಎಂದರು. ನಾವಿಬ್ಬರು ತುಳುವಿನಲ್ಲಿ ಆಡಿದ ಮಾತು ಡಾಕ್ಟರಿಗೆ ಒಂದಕ್ಷರ ತಿಳಿದಿರಲಿಲ್ಲ. ಆದರೂ ಎದುರಿಗೆ ಕೈಕಟ್ಟಿ ನಿಂತ ಮನುಷ್ಯ ಏನೋ ದೊಡ್ಡದನ್ನು ಕೇಳುತ್ತಿದ್ದಾರೆಂದು ತಿಳಿಯಿತು. ಅಂಗಡಿಗಳಲ್ಲಿ ಕಲಿತ ಅರೆಬರೆ ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. "ಸೋನೇ ದೋ, ಚಾಚಾ."

ಮಲಗಲಿ ಬಿಡಿ ಎಂದರು. ಕೆಡವಿ ಎನ್ನಲಿಲ್ಲ. ಕೋಲಣ್ಣ ಆ ಮಾತನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡು, ಕಲ್ಲಿಗೆ ಕೈಮುಗಿದು, ಎರಡು ಕೈಯಲ್ಲಿ ತಬ್ಬಿ ಹಿಡಿದರು.

ಮುಂದಿನದು ನನ್ನ ಕೆಲಸ. ಯಂತ್ರದಲ್ಲಿ ನೋಡುತ್ತ ಕೂಗಿದೆ. ಎಡಕ್ಕೆ, ಇನ್ನೂ ಸ್ವಲ್ಪ, ತಲೆ ಕಡೆ ಇಳಿಸಿ, ನಿಲ್ಲಿ. ಕಾಕ ಬಟ್ಟೆಯ ಸುರುಳಿಗಳನ್ನು ಒಂದೊಂದೇ ಎಳೆದರು. ಡಾಕ್ಟರು ಕ್ಯಾಮೆರಾ ಹಿಡಿದಿದ್ದರು. ಕೋಲಣ್ಣನ ಕೈಯಲ್ಲಿ ಕಲ್ಲು ಒಂದಿಷ್ಟೂ ಅಲುಗಲಿಲ್ಲ. ಕೊನೆಯ ಸುರುಳಿ ಹೊರಬಂದಾಗ ಕಲ್ಲು ಸಣ್ಣಗೆ ಜಾರಿ, ಗುಳಿಯೊಳಗೆ ತನ್ನಷ್ಟಕ್ಕೆ ಕೂತಿತು. ಮೂರೂ ಬಿಂದುಗಳನ್ನು ಅಳೆದೆ. ಹಳೆಯ ಅಳತೆಗೂ ಹೊಸದಕ್ಕೂ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವಷ್ಟು. ನನಗೆ ಅಳು ಬಂತು. ಬಿಸಿಲಿಗೆ ಕಣ್ಣುರಿ ಎಂದು ಹೇಳಿಕೊಂಡೆ.

ಮರುದಿನ ಬಂದ ಇಂಜಿನಿಯರ್ ಈಜಿಪ್ಟಿನವರು. ಪಿರಮಿಡ್ಡುಗಳ ದೇಶದವರಿಗೆ ಮೊಣಕಾಲೆತ್ತರದ ಕಲ್ಲುಗಳು ಎಲ್ಲಿ ಕಣ್ಣಿಗೆ ಬೀಳಬೇಕು! ಡಾಕ್ಟರು ಏನನ್ನೂ ಮುಚ್ಚಿಡದೆ ಹೇಳಿದರು. ಕೇಳಿದ್ದೇ ಇಂಜಿನಿಯರ್ ಕತ್ತು ಎತ್ತಿದರು.

"ಅಂದರೆ ಕೈ ಹಾಕಿದ ಜಾಗ ಅಂತಾಯಿತಲ್ಲ?"

ಕೋಲಣ್ಣನ ಕೈಯಲ್ಲಿದ್ದ ಕೋಲು ಮೊದಲ ಸಲ ವಾಲಿತು. ಡಾಕ್ಟರು ಶಾಂತವಾಗಿ ಗುಳಿ ತೋರಿಸಿದರು, ಮೊದಲಿನ ಮಾದರಿ ತೋರಿಸಿದರು, ಮಲಗಿಸಿದ ಮೇಲಿನ ಅಳತೆ ತೋರಿಸಿದರು. "ಇದಿಷ್ಟನ್ನೂ ಹೇಳದೆ ಇದ್ದಿದ್ದರೆ ನಿಮಗೆ ಗೊತ್ತಾಗುತ್ತಿತ್ತಾ?" ಎಂದು ಕೇಳಿದರು. ಇಂಜಿನಿಯರ್ ಕೂತು ಎಲ್ಲವನ್ನೂ ಒಂದೊಂದಾಗಿ ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಅವರಿಗೆ ತಿರುವುಗಳ ಚಿಂತೆ. ತುಂಬಿದ ಲಾರಿಗೆ ಕಡಿದಾದ ತಿರುವು ಆಗುವುದಿಲ್ಲ. ನನ್ನ ಡ್ರೋನ್ ಮಾದರಿಯಲ್ಲಿ ಹಳ್ಳದ ಆ ದಂಡೆಯ ಏರಿಳಿತ ಪೂರ್ತಿ ಇತ್ತು. ದೂರದಿಂದಲೇ ಸಣ್ಣಗೆ ಬಾಗಿಸಿಕೊಂಡು ಬಂದರೆ ಮಣ್ಣು ಅಗೆಯುವ ಕೆಲಸವೂ ಕಡಿಮೆ ಎಂದು ಗೆರೆ ಎಳೆದು ತೋರಿಸಿದೆ. ಅವರು ಅದನ್ನು ತಮ್ಮ ಫೋನಿಗೆ ಕಳಿಸಿಕೊಂಡು, ನೋಡುತ್ತೇನೆ ಎಂದು ಹೋದರು. ಕೆಲವು ವಾರಗಳ ನಂತರ ಹೊಸ ನಕ್ಷೆ ಬಂತು. ರಸ್ತೆ ಬಾಗಿತ್ತು.

ಚಳಿಗಾಲದಲ್ಲಿ ನಮ್ಮ ಮನೆಯಿರುವ ರೂವಿಯಿಂದ ನನ್ನ ಗಂಡ, ಮಗಳು ಬಂದರು. ಅದೇ ಹೊತ್ತಿಗೆ ಕೋಲಣ್ಣನ ಹೆಂಡತಿಯೂ ವಿಸಿಟ್ ವೀಸಾದಲ್ಲಿ ಬಂದಿದ್ದರು. ಎಲ್ಲರೂ ಕಾಕನ ಗಾಡಿಯಲ್ಲಿ ಹೊರಟೆವು. ಕಾಕನ ಮಾವನನ್ನು ನೋಡಿದೆವು, ರಾಜಹಂಸಗಳನ್ನು ನೋಡಿದೆವು, ಕೊನೆಗೆ ಸಾಲಿಗೆ ಬಂದೆವು. ಸುತ್ತ ಗಿಡ್ಡ ಕಂಬಗಳ ಹಗ್ಗದ ಬೇಲಿ ಹಾಕಿದ್ದರು. ಆಚೆಯ ಹೊಸ ರಸ್ತೆಯಲ್ಲಿ ಲಾರಿಗಳು ಬಾಗಿ ಹೋಗುತ್ತಿದ್ದವು. ಕೋಲಣ್ಣ ಹೆಂಡತಿಗೆ ಒಂದೊಂದೇ ಗುಂಪನ್ನು ತೋರಿಸುತ್ತ ನಡೆದರು.

"ಅಮ್ಮಾ, ಲುಕ್! ದಿಸ್ ಒನ್ ಹ್ಯಾಸ್ ಫಾಲನ್!" ನನ್ನ ಮಗಳು ದೊಡ್ಡ ದನಿಯಲ್ಲಿ ಕೂಗಿದಳು.

ಕೋಲಣ್ಣನ ಹೆಂಡತಿ ಆಗಲೇ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಹಗ್ಗದ ಕೆಳಗಿನಿಂದ ಕಲ್ಲಿನತ್ತ ಎರಡೂ ಕೈ ಚಾಚಿದ್ದರು.

"ಬೇಡ," ಎಂದರು ಕೋಲಣ್ಣ. "ಮಲಗಿದೆ. ನಾನೇ ಮಲಗಿಸಿದ್ದು."

ಆಕೆ ಗಂಡನ ಮುಖ ನೋಡಿದರು, ಕಲ್ಲನ್ನು ನೋಡಿದರು. ಕೈ ಹಿಂದೆ ತೆಗೆದುಕೊಂಡರು. ಆಮೇಲೆ ನನ್ನ ಮಗಳ ಕಡೆ ತಿರುಗಿ, ಗಲಾಟೆ ಮಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟರು.